ಬಿಡಿಸಿದ ಹೊತ್ತಿಗೆ

ಊರಿನ ಹೆಸರು ಕೇಳಬೇಡಿ, ಹೇಳುವುದಿಲ್ಲ. ಹೇಳಿದರೆ ನಾಳೆಯೇ ಬುತ್ತಿ ಕಟ್ಟಿಕೊಂಡು ನೋಡಲು ಹೊರಡುತ್ತೀರಿ, ಅಲ್ಲಿ ಹೋಗಿ ಇಲ್ಲದ ತರಲೆ ಎಬ್ಬಿಸುತ್ತೀರಿ. ಒಂದು ಹೊಳೆ, ಹೊಳೆಯ ಈಚೆ ಒಂದು ಊರು, ಊರಿನ ಹಿಂದೆ ಒಂದು ಬೆಟ್ಟ, ಅಷ್ಟು ಸಾಕು. ಆ ಊರಿನಲ್ಲಿ ಮನೆಗೊಂದು ಹಳೆಯ ಹೊತ್ತಿಗೆ ಇತ್ತು. ಯಾರು ಬರೆದರು, ಯಾರು ತಂದಿಟ್ಟರು, ಒಬ್ಬರಿಗೂ ಗೊತ್ತಿಲ್ಲ. ಮನೆಯಲ್ಲಿ ಮಗು ಹುಟ್ಟಿದಾಗ ಓದುವಯ್ಯ ಬರುತ್ತಿದ್ದ. ಕಣ್ಣು ಮುಚ್ಚಿ ಹೊತ್ತಿಗೆ ತೆರೆಯುತ್ತಿದ್ದ. ಕಣ್ಣು ಮುಚ್ಚಿಯೇ ಬೆರಳಿಡುತ್ತಿದ್ದ. ಬೆರಳು ಬಿದ್ದ ಸಾಲೇ ಮಗುವಿನ ಸಾಲು. ಹುಟ್ಟಿದವರು ಸಾಯುವ ತನಕ ಆ ಸಾಲಿನಂತೆ ಬದುಕಬೇಕು. ಅದು ಆ ಊರಿನ ಕಟ್ಟಳೆ.

ನಗಬೇಡಿ. ನಾವು ಹಣೆಬರಹ ಅಂತೀವಲ್ಲ, ಅದನ್ನು ಓದಿದವರನ್ನು ತೋರಿಸಿ ನೋಡೋಣ. ಅವರು ಪಾಪ, ಓದಿಕೊಂಡಾದರೂ ಬದುಕುತ್ತಿದ್ದರು.

'ಬೆಟ್ಟ ಹತ್ತಿದವನು ಇಳಿಯುವುದನ್ನು ಮರೆತ' ಎಂಬ ಸಾಲಿನವನೊಬ್ಬ ಬೆಟ್ಟದ ತುದಿಯಲ್ಲೇ ಗುಡಿಸಲು ಹಾಕಿಕೊಂಡಿದ್ದ, ಊರಿನವರು ರೊಟ್ಟಿ ಕಳಿಸುತ್ತಿದ್ದರು. ಓದುವಯ್ಯನಿಗೆ ಬಂದ ಸಾಲು 'ಅವನು ಇದ್ದದ್ದನ್ನು ಇದ್ದ ಹಾಗೆ ಓದಿದ' ಎಂದು, ಅದಕ್ಕೇ ಆ ಕೆಲಸ ಅವನಿಗೆ ಬಿದ್ದದ್ದು. ಇನ್ನೊಂದು ಮನೆಯಲ್ಲಿ ಹುಟ್ಟಿದ ಹೆಣ್ಣುಕೂಸಿಗೆ 'ಮುದುಕಿ ಹೇಳದೆ ಬಿಡಲಿಲ್ಲ' ಎಂಬ ಸಾಲು ಬಂತು. ಹಾಗಾಗಿ ಅವಳು ತೊಟ್ಟಿಲಲ್ಲಿದ್ದಾಗಲೇ ಮುದುಕಿ. ಹೇಳುತ್ತಾ ಹೇಳುತ್ತಾ ಬೆಳೆದು, ಹೇಳುತ್ತಾ ಹೇಳುತ್ತಾ ಈಗ ನಿಜವಾಗಿ ಮುದುಕಿಯೂ ಆಗಿದ್ದಳು.

ಈ ಮುದುಕಿಯ ಪಕ್ಕದ ಮನೆಯವಳೇ ಹೊಸ್ತಿಲವಳು. ಅವಳ ಸಾಲು ಹೀಗಿತ್ತು: 'ಅವಳು ಹೊಸ್ತಿಲು ದಾಟಿದಳು ಎನ್ನುವುದು ಸುಳ್ಳು.' ಹುಟ್ಟಿದ ಮನೆಯ ಹೊಸ್ತಿಲನ್ನು ಅವಳು ಒಮ್ಮೆಯೂ ದಾಟಿರಲಿಲ್ಲ. ಅಂಗಳದ ಬೇವಿನ ಮರವನ್ನು ಬಾಗಿಲಿನಿಂದ ನೋಡಿ ಗೊತ್ತು, ಮುಟ್ಟಿ ಗೊತ್ತಿಲ್ಲ. ಹೊಳೆಯ ಸದ್ದು ಗೊತ್ತು, ಹೊಳೆ ಗೊತ್ತಿಲ್ಲ. ಆ ಮನೆಗೇ ಅಳಿಯನಾಗಿ ಬಂದವನು ಒಳ್ಳೆಯವನು, ಆದರೆ ಅವನ ಸಾಲು ಒಳ್ಳೆಯದಲ್ಲ. 'ಹೊಳೆ ದಾಟಿದವನು ತಿರುಗಿ ನೋಡಲಿಲ್ಲ.' ಅವಳು ಬಸುರಿಯಾಗಿದ್ದಾಗ ಅವನು ಅಳುತ್ತಲೇ ಹೊಳೆ ದಾಟಿದ. ತಿರುಗಿ ನೋಡಲಿಲ್ಲ.

ಆಮೇಲೆ ಮಗು ಹುಟ್ಟಿತು. ಓದುವಯ್ಯ ಬಂದ, ಕಣ್ಣು ಮುಚ್ಚಿದ, ಬೆರಳಿಟ್ಟ. ಬೆರಳು ಹಾಳೆಯ ಕಟ್ಟಕಡೆಯ ಸಾಲಿನ ಮೇಲೆ ಬಿತ್ತು.

'ಆಮೇಲೆ ಮಗು ಮಾತು'

ಅಷ್ಟೇ. ಮುಂದಿನದು ಮುಂದಿನ ಹಾಳೆಯಲ್ಲಿರಬೇಕು. ಹಾಳೆ ತಿರುವಿದರೆ ಹುಳ ತಿಂದು ಜರಡಿಯಾಗಿತ್ತು. ಅದರ ಮುಂದಿನದೂ ಜರಡಿ, ಕೊನೆಯ ತನಕ ಜರಡಿ. ಒಂದಕ್ಷರ ಉಳಿದಿರಲಿಲ್ಲ. ಮಗು ಮಾತು ಆಡಿತೋ, ಮಾತು ಬಿಟ್ಟಿತೋ? ಓದುವಯ್ಯ ಬಹಳ ಹೊತ್ತು ಕೂತು ಯೋಚಿಸಿದ. "ಗೊತ್ತಾಗುವ ತನಕ ಮಗು ಬಾಯಿ ಮುಚ್ಚಿರಲಿ" ಎಂದ. ತಾಯಿಯ ಮುಖ ನೋಡಿ, ಅಳುವುದಕ್ಕೆ ಅಡ್ಡಿಯಿಲ್ಲ, ಅಳು ಮಾತಲ್ಲ ಎಂದೂ ಸೇರಿಸಿದ. ದೊಡ್ಡ ಮನಸ್ಸು, ಏನು ಮಾಡುತ್ತೀರಿ.

ಮಗು ತೊದಲಲು ಬಾಯಿ ತೆರೆದಾಗಲೆಲ್ಲ ತಾಯಿ ಅದರ ತುಟಿಯ ಮೇಲೆ ಬೆರಳಿಟ್ಟಳು. ಹೆತ್ತ ತಾಯಿಯೇ ಇಟ್ಟಳು. ಇಟ್ಟೂ ಇಟ್ಟೂ ಮಗು ತೊದಲುವುದನ್ನು ಬಿಟ್ಟಿತು. ಅದು ಅವಳ ಎದೆಯಲ್ಲಿ ಮುಳ್ಳಾಗಿ ಮುರಿದುಕೊಂಡಿತ್ತು. ಮನೆಯಲ್ಲಿ ಎಳೆಮಗುವಿದ್ದು ಹೊತ್ತಿಗೆ ಬಿಚ್ಚಿರುವಷ್ಟು ಕಾಲ, ಬೆಳಿಗ್ಗೆ ದೀಪ ಹಚ್ಚಿ, ಗೂಡಿನಿಂದ ಅದನ್ನು ತೆಗೆದು, ತನ್ನ ಸಾಲಿನ ಕೆಳಗೆ ಬೆರಳಾಡಿಸಿ ಹೇಳಿಕೊಳ್ಳುವುದು ಆ ಊರಿನ ಪದ್ಧತಿ. 'ಅವಳು' ಎಂದು ಒಂದು ಕಡೆ ಬೆರಳು ನಿಲ್ಲಿಸುತ್ತಿದ್ದಳು. 'ಹೊಸ್ತಿಲು.' 'ದಾಟಿದಳು.' 'ಎನ್ನುವುದು.' 'ಸುಳ್ಳು.' ಮಗು ಪಕ್ಕದಲ್ಲಿ ಕೂತು ಆ ಬೆರಳನ್ನೇ ನೋಡುತ್ತಿತ್ತು.

ಹೊತ್ತಿಗೆಗೂ ಕಟ್ಟಳೆ ಇತ್ತು. ಹೊತ್ತಿಗೆಯಲ್ಲಿ ಬರೆಯಬಾರದು. ಬರೆದದ್ದನ್ನು ಅಳಿಸಬಾರದು. ಹಾಳೆಯನ್ನು ಹರಿಯಬಾರದು. ಬಲ್ಲವರು ಓದಬೇಕು, ಉಳಿದವರು ಕೇಳಬೇಕು. ಮಗುವಿನ ಮೊದಲ ಹಾಲುಹಲ್ಲು ಬೀಳುವ ತನಕ ಸಾಲು ಹಸಿ, ಬಿದ್ದ ಮೇಲೆ ಗಟ್ಟಿ. ಹಲ್ಲು ಬಿದ್ದ ಸುದ್ದಿ ಕೇಳಿದ ಕೂಡಲೇ ಓದುವಯ್ಯ ಬಂದು, ಹೊಸ್ತಿಲಲ್ಲಿ ನಿಂತು, ಊರಿನ ಎದುರು ಸಾಲು ಓದಿ, ಹೊತ್ತಿಗೆಗೆ ಕೆಂಪು ದಾರ ಸುತ್ತಿ ಕಟ್ಟುತ್ತಿದ್ದ. ಕಟ್ಟಿದ ಮೇಲೆ ಕಟ್ಟಿದಂತೆಯೇ. ಆ ಮನೆಯಲ್ಲಿ ಮತ್ತೊಂದು ಮಗು ಹುಟ್ಟಿದರೆ ಬಿಚ್ಚಬೇಕು, ಇಲ್ಲದಿದ್ದರೆ ಇಲ್ಲ. ಹೊಸ್ತಿಲವಳ ಮನೆಯಲ್ಲಿ ಇನ್ನೊಂದು ಮಗು ಹುಟ್ಟುವ ಮಾತೆಲ್ಲಿ ಬಂತು?

ಒಂದು ಮಧ್ಯಾಹ್ನ ಮಗು ತಾಯಿಯ ತೊಡೆಯ ಮೇಲೆ ಮಲಗಿತ್ತು. ತಾಯಿ ಅದರ ಬಾಯಿ ಒರೆಸುವಾಗ ಬೆರಳಿಗೆ ಮುಂದಿನ ಹಲ್ಲು ತಾಗಿತು. ಹಲ್ಲು ಅಲ್ಲಾಡಿತು. ಅದೇ ಕ್ಷಣದಲ್ಲಿ ಮಗು ನಿದ್ದೆಗಣ್ಣಿನಲ್ಲಿ ಕೈ ಚಾಚಿ, ಯಾರನ್ನು ಕಂಡಿತೋ, "ಬಾ" ಎಂದಿತು.

ಒಂದೇ ಅಕ್ಷರ. ಗುಬ್ಬಿಯ ಗಂಟಲಿನಷ್ಟು ಸಣ್ಣ ದನಿ. ತಾಯಿ ರೂಢಿಯಂತೆ ಬೆರಳೆತ್ತಿದಳು. ತುಟಿಯ ತನಕ ಹೋದ ಬೆರಳು ಅಲ್ಲೇ ನಿಂತಿತು. ಮಗುವಿನ ಒಳಗೆ ಮಾತು ಇದೆ. ಇಷ್ಟು ದಿನ ಬೆರಳಿಟ್ಟು ಮುಚ್ಚಿದರೂ ಸತ್ತಿಲ್ಲ. ಈ ಹಲ್ಲು ಬೀಳುವುದರೊಳಗೆ ಮುಂದಿನ ಹಾಳೆ ನಾನೇ ತುಂಬುತ್ತೇನೆ, ಏನಾದರಾಗಲಿ ಎಂದು ಅವಳು ಅವತ್ತು ಗಟ್ಟಿಮಾಡಿಕೊಂಡಳು. ಆ ಹೆಂಗಸು ಒಂದು ಸಲ ಗಟ್ಟಿಮಾಡಿಕೊಂಡರೆ ಮುಗಿಯಿತು, ಬೆಟ್ಟವಾದರೂ ಪಕ್ಕಕ್ಕೆ ಸರಿದು ದಾರಿ ಬಿಡಬೇಕು.

ಆದರೆ ಹೇಗೆ? ಬರೆಯಬಾರದು. ಅಳಿಸಬಾರದು. ಹರಿಯಬಾರದು. ಕೈಗಳು ಹುರುಪಿನಿಂದಿದ್ದವು, ಕಟ್ಟಳೆ ಅವನ್ನು ಕಟ್ಟಿಹಾಕಿತ್ತು. ಮರುದಿನ ಬೆಳಿಗ್ಗೆ ಅವಳು ಬಾಗಿಲಲ್ಲಿ ಕೂತು ಇದನ್ನೇ ಯೋಚಿಸುತ್ತಿದ್ದಾಗ, ಪಕ್ಕದ ಅಂಗಳದಲ್ಲಿ ಮುದುಕಿ ಬಗ್ಗಿ ನೆಲದ ಮೇಲೆ ಬೆರಳಾಡಿಸುತ್ತಿದ್ದಳು.

"ಏನು ಬರೀತಿದೀರಿ ಅಜ್ಜಿ?" ಎಂದಳು ಹೊಸ್ತಿಲವಳು, ಮಾತಿಗೆ ಮಾತು ಅಂತ.

"ಬರೆಯೋಕೆ ನಾನೇನು ಓದುವಯ್ಯನ ಸಂತಾನವೇನೇ? ರಂಗೋಲಿ ಬಿಡಿಸ್ತಿದೀನಿ. ಅವರೆಕಾಯಿ ಬಿಡಿಸ್ತೀವಿ, ಕರುವಿನ ಕಣ್ಣಿ ಬಿಡಿಸ್ತೀವಿ, ರಂಗೋಲಿ ಬಿಡಿಸ್ತೀವಿ. ನಿಮ್ಮ ತಾಯಿ ಇದ್ದಳಲ್ಲ, ಅವಳು ಬಿಡಿಸೋ ನವಿಲು..." ಎಂದು ಮುದುಕಿ ಮುಂದುವರಿಸಿದಳು. ಹೊಸ್ತಿಲವಳಿಗೆ ಆಮೇಲಿನದು ಕಿವಿಗೆ ಬೀಳಲಿಲ್ಲ. ಬಿಡಿಸುವುದು. ಹೊತ್ತಿಗೆಯಲ್ಲಿ ಬಿಡಿಸಬಾರದು ಎಂದು ಯಾವ ಕಟ್ಟಳೆಯೂ ಹೇಳಿಲ್ಲ.

ಅವತ್ತೇ ಶುರುಮಾಡಿದಳು. ಜರಡಿಯಾದ ಹಾಳೆಯ ಮೇಲೆ ನೇರವಾಗಿ ಏನೂ ನಿಲ್ಲುವಂತಿರಲಿಲ್ಲ. ಮೊದಲು ಹಾಳೆಯ ಬೆನ್ನಿಗೆ ಹಳೆಯ ಸೀರೆಯ ಚೂರು ಕೊಡಬೇಕು ಎಂದು ಅನ್ನದ ಗಂಜಿ ಹಚ್ಚಿ ಅಂಟಿಸಿದಳು. ರಾತ್ರಿ ಬೆಳಗಾಗುವುದರೊಳಗೆ ಇರುವೆ ಸಾಲುಗಟ್ಟಿ ಬಂದು ಗಂಜಿ ನೆಕ್ಕಿಹಾಕಿ, ಚೂರು ಉದುರಿಹೋಯಿತು. ರಾಗಿ ಅಂಬಲಿ ಹಚ್ಚಿದಳು. ಹಾಳೆ ಹಪ್ಪಳದಂತೆ ಸುರುಳಿಕೊಂಡಿತು. ಅವಳು ಸುಮ್ಮನೆ ಅದನ್ನು ಬಿಸಿ ಚೆಂಬಿನಿಂದ ಉಜ್ಜಿ ನೇರ ಮಾಡಿ, ಮತ್ತೆ ಕೂತಳು.

ಮುದುಕಿಗೆ ಗೊತ್ತಾಯಿತು. ಅವಳ ಕಣ್ಣಿಗೆ ಬೀಳದ್ದು ಯಾವುದಿದೆ? "ಗಂಜಿ ಹಚ್ಚಿದರೆ ಇರುವೆಗೆ ಊಟ ಹಾಕಿದ ಹಾಗೆ" ಎಂದು, ಮಡಿಲಲ್ಲಿ ಹುಣಸೆಬೀಜ ಕಟ್ಟಿಕೊಂಡು ಬಂದು ಹೊಸ್ತಿಲ ಮೇಲೆ ಸುರಿದಳು. "ಇದನ್ನ ಹುರಿ. ಸಿಪ್ಪೆ ತೆಗಿ. ನೆನೆಹಾಕು. ನುಣ್ಣಗೆ ರುಬ್ಬಿ ಕುದಿಸು. ಇಳಿಸೋ ಹೊತ್ತಿಗೆ ಒಂದು ಚಿಟಿಕೆ ಮೈಲುತುತ್ತ ಹಾಕು, ಹುಳ ಹತ್ತಿರ ಬರಲ್ಲ. ಮಗು ಕೈ ಬಾಯಿಗೆ ಹಾಕದ ಹಾಗೆ ನೋಡ್ಕೋ, ವಿಷ ಅದು. ಈ ಅಂಟು ಹಿಡೀತು ಅಂದರೆ ಅತ್ತೆ ಸೊಸೇನ ಅಂಟಿಸಿದರೂ ಬಿಡಿಸೋಕಾಗಲ್ಲ, ನೋಡ್ತಿರು."

ಅಂಟು ಹಿಡಿಯಿತು. ಹಾಳೆಯ ಬೆನ್ನಿಗೆ ಸೀರೆ ಕೂತಿತು. ಹುಳ ಕೊರೆದ ತೂತುಗಳಲ್ಲಿ ಸೀರೆಯ ಬಣ್ಣ ಇಣುಕಿತು. ಹುಳ ಹಾಳು ಮಾಡಿದೆ ಎಂದುಕೊಂಡಿದ್ದ ಕಡೆಯಲ್ಲೆಲ್ಲ ಕಿಟಕಿಗಳಿದ್ದವು. ತಾಯಿ ಅರಿಶಿನ ಕದಡಿದಳು, ಅರಿಶಿನಕ್ಕೆ ಸುಣ್ಣ ಬೆರೆಸಿ ಕೆಂಪು ಮಾಡಿದಳು. ಬಸಳೆ ಹಣ್ಣು ಹಿಂಡಿ ನೇರಳೆ ತೆಗೆದಳು. ದೀಪದ ಮೇಲೆ ಬಟ್ಟಲು ಕವುಚಿ ಮಸಿ ಹಿಡಿದಳು. ಬಟ್ಟೆಗೆ ಹಾಕುವ ನೀಲಿ ಹೇಗೂ ಇತ್ತು.

"ಏನು ಬಿಡಿಸಲಿ?" ಎಂದು ಮಗುವನ್ನು ಕೇಳಿದಳು. ಅವಳಿಗೆ ಗೊತ್ತಿದ್ದದ್ದು ಬಾಗಿಲಿನ ಚೌಕಟ್ಟಿನಲ್ಲಿ ಕಂಡದ್ದು ಮಾತ್ರ. ಮಗು ಎದ್ದು ಹೊಸ್ತಿಲು ದಾಟಿ ಓಡಿತು. ಬರುವಾಗ ಒಂದು ಕಾಗೆ ಗರಿ ತಂದಿತು. ತಾಯಿ ಕಾಗೆ ಬಿಡಿಸಿದಳು, ಮಗು ಗರಿ ಅಂಟಿಸಿತು. ಮರುದಿನ ಹಿಡಿ ತುಂಬ ಹೊಳೆಯ ಮರಳು ತಂದಿತು. ತಾಯಿ ನೀಲಿಯಲ್ಲಿ ಹೊಳೆ ಬಿಡಿಸಿದಳು, ಮಗು ದಡಕ್ಕೆ ಮರಳು ಅಂಟಿಸಿತು. ಹೊಳೆ ಹೀಗೆ ಡೊಂಕೋ ಹಾಗೆ ಡೊಂಕೋ ಎಂದು ಅವಳು ಕೇಳಿದರೆ ಮಗು ಗಾಳಿಯಲ್ಲಿ ಕೈ ಓಡಿಸಿ ತೋರಿಸುತ್ತಿತ್ತು. ಹಾವಿನ ಪೊರೆ ಬಂತು. ಗುಲಗಂಜಿ ಬಂತು, ಒಡೆದ ಬಳೆ ಬಂತು, ಯಾರದೋ ಎತ್ತಿನ ಕೊರಳಿಂದ ಕಳಚಿದ ಗೆಜ್ಜೆ ಬಂತು. ಮಗು ತಂದಿತು, ತಾಯಿ ಬಿಡಿಸಿದಳು, ಮಗು ಅಂಟಿಸಿತು. ಹುಟ್ಟಿದಾಗಿನಿಂದ ಕಾಣದ ಊರು ಹಾಳೆ ಹಾಳೆಯಾಗಿ ಅವಳ ಮನೆಯೊಳಗೆ ಬರತೊಡಗಿತು. ಅವಳಿಗೆ ಸಂತೋಷವಾಯಿತು. ಸಂತೋಷದ ಹಿಂದೆಯೇ ಭಯವೂ ಇತ್ತು, ಯಾಕೆಂದರೆ ಮಗು ನಕ್ಕಾಗಲೆಲ್ಲ ಆ ಹಲ್ಲು ಅಲ್ಲಾಡುತ್ತಿತ್ತು.

ಹಲ್ಲಿಗೆ ಗಟ್ಟಿ ಪದಾರ್ಥ ತಾಗಬಾರದು ಎಂದು ಮಗುವಿಗೆ ಮೆತ್ತಗೆ ಗಂಜಿ ಕುಡಿಸಿದಳು, ಅನ್ನ ಹಿಚುಕಿ ತಿನ್ನಿಸಿದಳು. ಇಷ್ಟೆಲ್ಲ ಮಾಡಿದವಳು ಒಂದನ್ನು ಮರೆತಳು. ಅಂಟಿಗೆಂದು ಹುರಿದ ಹುಣಸೆಬೀಜದ ವಾಸನೆಗೆ ಸೋಲದ ಮಗು ಎಲ್ಲಿದೆ? ಒಲೆಯ ಪಕ್ಕದಿಂದ ಒಂದು ಬೀಜ ಕದ್ದು ಕಟಕ್ಕೆಂದು ಕಡಿಯಿತು. ಬೀಜ ಒಡೆಯಲಿಲ್ಲ. ಹಲ್ಲು ಅಂಗೈಗೆ ಬಂತು.

ಅದೇ ಗಳಿಗೆಗೆ ಮುದುಕಿ ಬಾಗಿಲಲ್ಲಿ ಬಂದು ನಿಂತಿದ್ದಳು. ಮಗುವಿನ ಬಾಯಲ್ಲಿ ಕಿಂಡಿ ಕಂಡಳು. ಅವಳ ಮುಖ ಸುಣ್ಣದಂತಾಯಿತು.

"ನನಗೆ ಕಾಣಿಸಬಾರದಾಗಿತ್ತು ಕಣೇ" ಎಂದಳು ಮುದುಕಿ. "ಕಂಡ ಮೇಲೆ ಹೇಳದೆ ಇರೋ ಹಾಗಿಲ್ಲ. ನನ್ನ ಸಾಲೇ ಅದು."

"ಇನ್ನೊಂದು ಹಾಳೆ ಉಳಿದಿದೆ ಅಜ್ಜಿ" ಎಂದಳು ತಾಯಿ. ಅವಳು ಅಳಲಿಲ್ಲ. "ಕೊನೇದು. ಅದೇ ಮುಖ್ಯ."

ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹೇಳಬೇಕು ಅಂತಿದೆ. ಮೊದಲು ಯಾರಿಗೆ ಅಂತ ಇಲ್ಲವಲ್ಲ" ಎಂದವಳೇ ಕೋಲು ತೆಗೆದುಕೊಂಡು, ಓದುವಯ್ಯನ ಓಣಿಗೆ ಬೆನ್ನು ಹಾಕಿ, ಬೆಟ್ಟದ ಕಡೆ ಹೊರಟಳು. ಇಳಿಯಲು ಮರೆತವನಿಗೆ ಹೋಗಿ ಮೊದಲು ಹೇಳಿದಳು. ಅವನು ಕಿವುಡ ಬೇರೆ, ನಾಲ್ಕು ಸಲ ಹೇಳಬೇಕಾಯಿತು. ಅಲ್ಲಿಂದ ಇಳಿದು ಹೊಳೆದಂಡೆಯ ಅಗಸರಿಗೆ ಹೇಳಿದಳು, ಅಂಬಿಗನಿಗೆ ಹೇಳಿದಳು, ದಾರಿಯಲ್ಲಿ ಸಿಕ್ಕ ದನಗಳಿಗೂ ಹೇಳಿದಳು. ಮಂಡಿ ನೋಯುತ್ತಿದ್ದರೂ ಎಲ್ಲೂ ಹತ್ತಿರದ ದಾರಿ ಹಿಡಿಯಲಿಲ್ಲ.

ಅತ್ತ ತಾಯಿ ಕೊನೆಯ ಹಾಳೆಗೆ ಕೂತಳು. ಮಗುವಿನ ಮುಖ ಬಿಡಿಸಿದಳು. ಬಾಯಿ ಅಗಲವಾಗಿ ತೆರೆದಿತ್ತು. ಹುಳ ಕೊರೆದ ದೊಡ್ಡ ತೂತೇ ಬಾಯಿ, ಹಿಂದೆ ಕೊಟ್ಟ ಕೆಂಪು ಸೀರೆಯೇ ನಾಲಿಗೆ. ಮಗುವಿನ ಹಲ್ಲನ್ನು ಸೂಜಿದಾರದಿಂದ ಆ ಬಾಯಲ್ಲಿ ಕೂರಿಸಿ ಹೊಲಿದಳು. ಅವಳು ತಲೆ ಬಗ್ಗಿಸಿ ಹೊಲಿಯುತ್ತಿದ್ದಾಗ ಮಗು ಅವಳ ಸೀರೆಯ ಉಳಿದ ಅಂಚಿನ ಚೂರೊಂದನ್ನು ತೆಗೆದುಕೊಂಡಿತು. ಅಂಟಿನಲ್ಲಿ ಅದ್ದಿತು. ಹೊತ್ತಿಗೆಯ ಮೊದಲ ಹಾಳೆಗಳಲ್ಲಿ ಎಲ್ಲೋ ಒತ್ತಿ, ಅಂಗೈಯಿಂದ ಉಜ್ಜಿತು. ಮಗು ಆಡಿಕೊಳ್ಳುತ್ತಿದೆ ಎಂದು ತಾಯಿ ಅತ್ತ ನೋಡಲಿಲ್ಲ.

ಹೊತ್ತು ಇಳಿಯುವಾಗ ಓದುವಯ್ಯ ಬಂದ. ಹಿಂದೆ ಊರೇ ಬಂತು. ಎಲ್ಲರ ಹಿಂದೆ ಕುಂಟುತ್ತಾ ಮುದುಕಿ ಬಂದಳು. ತಾಯಿ ಹೊಸ್ತಿಲ ಒಳಗೆ ನಿಂತು, ಹೊಸ್ತಿಲ ಹೊರಗಿದ್ದವನ ಕೈಗೆ ಹೊತ್ತಿಗೆ ಕೊಟ್ಟಳು. ಹೊತ್ತಿಗೆ ಬಸುರಿಯ ಹೊಟ್ಟೆಯಂತೆ ಉಬ್ಬಿತ್ತು. ಅಲುಗಿಸಿದರೆ ಗೆಜ್ಜೆ ಸದ್ದು ಮಾಡಿತು.

ಓದುವಯ್ಯ ತೆರೆದ. 'ಆಮೇಲೆ ಮಗು ಮಾತು' ಎಂದು ಓದಿದ. ಹಾಳೆ ತಿರುವಿದ. ಹುಬ್ಬು ಗಂಟಾಯಿತು.

"ಏನು ತಾಯಿ ಇದು? ಹೊತ್ತಿಗೆಯಲ್ಲಿ ಬರೆಯಬಾರದು ಅಂತ ಗೊತ್ತಿಲ್ಲವೇ? ಇಲ್ಲಿ ಚಿತ್ರ ಬರೆದಿದ್ದೀಯ."

"ಬರೆದಿಲ್ಲ ಅಯ್ಯಾ. ಬಿಡಿಸಿದ್ದೀನಿ."

"ಎರಡೂ ಒಂದೇ."

"ಒಂದೇ ಹೇಗಾಗುತ್ತೆ?" ಮುದುಕಿ ಹಿಂದಿನಿಂದ ದನಿ ಎತ್ತಿದಳು. "ನಿಮ್ಮನೆ ಅಮ್ಮಾವರು ದಿನಾ ಬಾಗಿಲಿಗೆ ರಂಗೋಲಿ ಬಿಡಿಸ್ತಾರಲ್ಲ, ಒಂದು ದಿನವಾದರೂ ನಿಂತು ಓದಿದೀರಾ? ತುಳಕೊಂಡು ಹೋಗ್ತೀರಿ."

ಕೆಲವರು ನಕ್ಕರು. ಓದುವಯ್ಯ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಅವನು ಕೆಟ್ಟವನಲ್ಲ, ತನ್ನ ಸಾಲಿಗೆ ಸಿಕ್ಕಿಕೊಂಡವನು. ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದ. ಅಳಿಸಿದ ಗುರುತಿಲ್ಲ. ಹರಿದ ಗುರುತಿಲ್ಲ. ಹಾಗಾದರೆ ಇದ್ದದ್ದನ್ನು ಇದ್ದ ಹಾಗೆ ಓದಬೇಕು. ಬಾಯಿ ತೆರೆದ. ಗರಿ, ಮರಳು, ಪೊರೆ, ಬಳೆ ಅವನನ್ನು ನೋಡಿದವು. ಊರು ಕಾಯಿತು.

"ನನಗೆ ಇದು ಓದಲು ಬಾರದು" ಎಂದ ಕೊನೆಗೆ. ಆ ಮಾತು ಅವನ ಬಾಯಿಂದ ಊರು ಹಿಂದೆಂದೂ ಕೇಳಿರಲಿಲ್ಲ. "ಬಲ್ಲವರು ಓದಬೇಕು, ಉಳಿದವರು ಕೇಳಬೇಕು. ಯಾರು ಬಲ್ಲವರು?"

"ಮಗು" ಎಂದಳು ತಾಯಿ. "ಒಂದೊಂದೂ ಅದೇ ತಂದದ್ದು. ಅದಕ್ಕೊಂದಕ್ಕೇ ಗೊತ್ತು."

ಓದುವಯ್ಯ ಮಗುವನ್ನು ನೋಡಿದ. ಅದು ಬಾಯಿ ತೆರೆಯದೆ ಮುಂದಿನದು ತಿಳಿಯುವುದಿಲ್ಲ. ಮುಂದಿನದು ತಿಳಿಯದೆ ಅದರ ಬಾಯಿ ಮುಚ್ಚಿಸಿದ್ದು ತಾನೇ. ಮಂಡಿಯೂರಿ ಕೂತು ಹೊತ್ತಿಗೆಯನ್ನು ಅದರ ಮುಂದೆ ಹಿಡಿದ.

"ಓದು ಕಂದಾ."

ಮಗು ಬಾಯಿ ತೆರೆಯಿತು. ಬರೀ ಉಸಿರು ಬಂತು. ಮತ್ತೆ ತೆರೆಯಿತು. ತಾಯಿಯ ಬಲಗೈ ತಾನಾಗಿ ಮೇಲೆದ್ದು ಆ ತುಟಿಯ ಕಡೆ ಹೊರಟಿತು. ಅವಳು ಎಡಗೈಯಿಂದ ಅದನ್ನು ಹಿಡಿದು, ಬೆನ್ನ ಹಿಂದೆ ಒಯ್ದು, ಬಿಗಿಯಾಗಿ ಒತ್ತಿಕೊಂಡಳು. ಬದುಕಿನಲ್ಲಿ ಅಷ್ಟು ಕಷ್ಟದ ಕೆಲಸ ಅವಳು ಮಾಡಿರಲಿಲ್ಲ.

"ಕಾಗೆ" ಎಂದಿತು ಮಗು. ಒಣಗಿದ ಎಲೆ ತುಳಿದಂಥ ದನಿ. "ಕಾಗೆ ಬೇವಿನ ಮರದಲ್ಲಿತ್ತು. ಇದು ಹೊಳೆ. ಅಪ್ಪ ದಾಟಿದ ಹೊಳೆ. ಇದು ಹಾವು ಬಿಟ್ಟುಹೋದ ಅಂಗಿ." ಹಾಳೆ ತಿರುವಿದಂತೆಲ್ಲ ದನಿ ಕಾಸಿದ ಬೆಲ್ಲದಂತೆ ಕರಗಿ ಹರಿಯತೊಡಗಿತು. ಮಾತು ನಿಲ್ಲಿಸದ ಮುದುಕಿ ಕೂಡ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಕೊನೆಯ ಹಾಳೆ ಬಂತು. ಮಗು ಹಲ್ಲು ಮುಟ್ಟಿತು. "ಇದು ನನ್ನ ಹಲ್ಲು. ಇದು ನಾನು. ನಾನು ಮಾತಾಡ್ತಾ ಇದೀನಿ."

ತಾಯಿ ಬಾಗಿಲ ದಾರಂದಕ್ಕೆ ಒರಗಿ ಅತ್ತಳು. ತಡೆಯಲಿಲ್ಲ, ಮುಚ್ಚಿಕೊಳ್ಳಲಿಲ್ಲ.

ಓದಿದ್ದಾಯಿತು. ಇನ್ನು ಕಟ್ಟಬೇಕು. ಓದುವಯ್ಯ ಕೆಂಪು ದಾರ ತೆಗೆದ. ಅವನ ಅಜ್ಜನ ಕಾಲದಿಂದ ಎಲ್ಲ ಹೊತ್ತಿಗೆಗೂ ಸಾಕಾಗುತ್ತಿದ್ದ ಅಳತೆ. ಒಂದು ಸುತ್ತು ಸುತ್ತಿದ. ತುದಿ ತುದಿಗೆ ಮುಟ್ಟಲಿಲ್ಲ. ಮೊಣಕಾಲಿನಿಂದ ಒತ್ತಿ ಎಳೆದ. ಹೊತ್ತಿಗೆ ಗೆಜ್ಜೆ ಆಡಿಸಿ ಮತ್ತೆ ಉಬ್ಬಿಕೊಂಡಿತು.

ಮಗು ಹೊಸ್ತಿಲು ದಾಟಿ ಅವನ ಪಕ್ಕಕ್ಕೆ ಬಂತು. ಹೊತ್ತಿಗೆಯನ್ನು ಮೊದಲ ಹಾಳೆಗಳ ಕಡೆ ತೆರೆಯಿತು. ದಿನಾ ಬೆಳಿಗ್ಗೆ ನೋಡುತ್ತಿದ್ದ ಹಾಳೆ. ಅವನ ಬೆರಳು ಹಿಡಿದು ಒಂದು ಸಾಲಿನ ಕೆಳಗೆ ಇಟ್ಟಿತು.

"ಇದೂ ಓದು ತಾತ."

ಓದುವಯ್ಯ ನೋಡಿದ. 'ಅವಳು' ಇತ್ತು. 'ಹೊಸ್ತಿಲು' ಇತ್ತು. 'ದಾಟಿದಳು' ಇತ್ತು. ತಾಯಿಯ ಬೆರಳು ಇನ್ನೆರಡು ಸಲ ನಿಲ್ಲುತ್ತಿದ್ದ ಜಾಗದಲ್ಲಿ ಕೆಂಪಂಚಿನ ಸೀರೆಯ ಚೂರು ಕೂತಿತ್ತು. ಅವನು ಉಗುರಿನಿಂದ ಚೂರಿನ ಮೂಲೆ ಕೆದಕಿದ. ಹುಣಸೆಬೀಜದ ಅಂಟು. ಚೂರಿನ ಜೊತೆ ಕಾಗದವೂ ಏಳತೊಡಗಿತು. ಅವನು ಬೆಂಕಿ ಮುಟ್ಟಿದವನಂತೆ ಕೈ ಹಿಂತೆಗೆದ. ಹಾಳೆಯನ್ನು ಹರಿಯಬಾರದು.

ಅವನು ಎದ್ದು ನಿಂತ. ಗಂಟಲು ಸರಿಮಾಡಿಕೊಂಡ. ಊರಿನ ಎದುರು, ಹೊಸ್ತಿಲ ಎದುರು, ಇದ್ದದ್ದನ್ನು ಇದ್ದ ಹಾಗೆ ಓದಿದ.

"ಅವಳು ಹೊಸ್ತಿಲು ದಾಟಿದಳು."

ತಾಯಿಗೆ ಕೇಳಿತು. ಕೇಳಿದ್ದು ಅರ್ಥವಾಗಲು ಹೊತ್ತು ಹಿಡಿಯಿತು. ಮಗುವಿನ ಬಾಯಿಗೆ ಮಾತು ಬಂದರೆ ಸಾಕು ಎಂದು ಹಗಲೂ ಇರುಳೂ ದುಡಿದವಳು, ತನಗೆಂದು ಏನನ್ನೂ ಕೇಳಿಕೊಂಡಿರಲಿಲ್ಲ. ಕಾಲ ಮುಂದೆ ಹೊಸ್ತಿಲಿತ್ತು, ಅವಳ ಕಾಲು ಸವೆಸದ ಹೊಸ್ತಿಲು. ಅದರಾಚೆ ಬೇವಿನ ಮರ. ಮರದ ಕೆಳಗೆ ಮಗು ಓಡಿಹೋಗಿ ನಿಂತು, ನಿದ್ದೆಯಲ್ಲಿ ಚಾಚಿದ ಹಾಗೆಯೇ ಕೈ ಚಾಚಿತ್ತು.

"ಬಾ" ಎಂದಿತು.

ಬಲಗಾಲಿಟ್ಟು ಮನೆಯೊಳಗೆ ಬಂದ ಹೆಣ್ಣುಗಳನ್ನು ಆ ಊರು ಬೇಕಾದಷ್ಟು ನೋಡಿತ್ತು. ಬಲಗಾಲಿಟ್ಟು ಹೊರಗೆ ಬಂದವಳನ್ನು ನೋಡಿದ್ದು ಅವತ್ತೇ.